ಉರ್ವದ ಹುಡುಗಿಯರಿಗೆ ರೇಖಾಗಣಿತ ಕಲಿಸಿದ್ದು

ಗಣಿತದ ಟೀಚರ್ ಬದುಕಿನಲ್ಲಿ ನಗು ಕಮ್ಮಿ ಅಂತ ಜನ ತಿಳಿದಿದ್ದಾರೆ. ನನ್ನ ಕ್ಲಾಸಿಗಂತೂ ಒಂದು ಹೊಸ ಸಾಮಾನು ಬಂದರೆ ಸಾಕು, ಅದರ ಹಿಂದೆಯೇ ಒಂದು ಫಜೀತಿ ಬರುತ್ತಿತ್ತು. ಎರಡನೇ ಮಹಾಯುದ್ಧಕ್ಕೆ ಮೊದಲಿನ ಮಾತು. ಉರ್ವದ ಕಡೆ ಒಂದು ಹೆಣ್ಣುಮಕ್ಕಳ ಶಾಲೆ.

ಸ್ಲೇಟು

ಮನೆಲೆಕ್ಕವನ್ನು ಸ್ಲೇಟಿನಲ್ಲೇ ಮಾಡಿ ತರಬೇಕು. ಮಳೆಗಾಲದಲ್ಲಿ ಎಲ್ಲರದ್ದೂ ಒಂದೇ ಮಾತು: "ಮಾಡಿದ್ದೆ ಟೀಚರ್, ಮಳೆಗೆ ಹೋಯ್ತು."

ನಾನೂ ಬಿಡಲಿಲ್ಲ. "ನಾಳೆಯಿಂದ ಎದೆಗೆ ಒತ್ತಿ ಹಿಡಿದು ಬನ್ನಿ" ಅಂದೆ.

ಮರುದಿನ ಒಬ್ಬಳ ಸ್ಲೇಟು ಮತ್ತೆ ಖಾಲಿ. "ಲೆಕ್ಕ ಎಲ್ಲಿ?"

"ರವಿಕೆಯಲ್ಲಿ ಉಂಟು ಟೀಚರ್. ಸ್ವಲ್ಪ ಉಲ್ಟಾ ಉಂಟು."

ನಿಜವೇ! ಒದ್ದೆಯಾದ ಕಪ್ಪು ರವಿಕೆಯ ಮೇಲೆ ಬಳಪದ ಅಂಕೆಗಳು. ಕನ್ನಡಿ ತರಿಸಿ ಓದಿದೆ. ಉತ್ತರ ತಪ್ಪಿತ್ತು.

ಕೈವಾರ

ಬೋರ್ಡಿನಲ್ಲಿ ಬರಿಗೈಯಲ್ಲಿ ವೃತ್ತ ಎಳೆದರೆ ಹಲಸಿನಹಣ್ಣು ಆಗುತ್ತಿತ್ತು. ಮರದ ದೊಡ್ಡ ಕೈವಾರ ಬೇಕೆಂದು ಹೆಡ್‌ಮಾಷ್ಟ್ರ ಬೆನ್ನುಬಿದ್ದೆ.

"ಎಂತಕ್ಕೆ ಟೀಚರೇ? ನಮ್ಮ ಮನೆಯವಳು ಕೈವಾರ ಇಲ್ಲದೆಯೇ ದುಂಡಗೆ ದೋಸೆ ಎರೆಯುತ್ತಾಳೆ."

"ಹಾಗಾದರೆ ಅವರನ್ನು ಕ್ಲಾಸಿಗೆ ಕಳಿಸಿ ಸಾರ್. ಮನೆಯಲ್ಲಿ ದೋಸೆ ನೀವು ಎರೆಯಿರಿ."

ಮರುವಾರವೇ ಆಚಾರಿ ಕೈವಾರ ತಂದುಕೊಟ್ಟ.

ಲ್ಯಾಂಟರ್ನ್

ಆದರೂ ರೇಖಾಗಣಿತ ತೆಗೆದು ಆ ಪೀರಿಯಡ್ಡನ್ನು ಹೊಲಿಗೆಗೆ ಕೊಡಬೇಕೆಂದು ಹೆಡ್‌ಮಾಷ್ಟ್ರ ಆಸೆ. "ಶಾಲೆ ನೋಡಲು ಬರುವ ಇನ್‌ಸ್ಪೆಕ್ಟ್ರೇ ಹೇಳಲಿ" ಎಂದರು. ಅದು ಹೋದರೆ ಹುಡುಗಿಯರಿಗೆ ಮುಂದಿನ ಪರೀಕ್ಷೆಯ ದಾರಿಯೇ ಮುಚ್ಚಿದಂತೆ. ಹೇಗಾದರೂ ಉಳಿಸಲೇಬೇಕೆಂದು ನಾನು ಗಾಜಿನ ಮೇಲೆ ತ್ರಿಕೋನ ಬರೆದೆ. ಶಾಲೆಗೆ ಹೊಸದಾಗಿ ಬಂದಿದ್ದ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಚಿತ್ರ ತೋರಿಸುವ ದೀಪದಲ್ಲಿಟ್ಟು ಗೋಡೆಯಷ್ಟು ದೊಡ್ಡದಾಗಿ ತೋರಿಸುವುದೆಂದು ಹಟ ಹಿಡಿದೆ.

ಇನ್‌ಸ್ಪೆಕ್ಟ್ರು ಬಂದು ಕೂತರು. ಕಿಟಕಿ ಮುಚ್ಚಿ ದೀಪ ಹಚ್ಚಿದರೆ ತ್ರಿಕೋನ ತಲೆಕೆಳಗು! ಗಾಜನ್ನು ಉಲ್ಟಾ ಇಟ್ಟರೆ ಮಾತ್ರ ಚಿತ್ರ ನೆಟ್ಟಗೆ ಬರುತ್ತದೆಂದು ನನಗೆ ಯಾರು ಹೇಳಿದ್ದರು? ತೆಗೆಯಲು ಹೋದರೆ ಕೈ ಸುಟ್ಟಿತು.

"ನೋಡಿದಿರಾ ಸಾರ್?" ಅಂದರು ಹೆಡ್‌ಮಾಷ್ಟ್ರು. ಇನ್‌ಸ್ಪೆಕ್ಟ್ರು ಪಾಪ, ಅರ್ಥ ಮಾಡಿಕೊಳ್ಳಲು ಕತ್ತು ತಿರುಗಿಸಿ, ಸೊಂಟ ಬಗ್ಗಿಸಿ, ಕಡೆಗೆ ತಲೆಯ ರುಮಾಲನ್ನೇ ನೆಲಕ್ಕೆ ಬೀಳಿಸಿದರು.

ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ತ್ರಿಕೋನ ಹೇಗೆ ನಿಂತರೂ ಮೂರು ಕೋನ ಕೂಡಿದರೆ ಎರಡು ಲಂಬಕೋನವೇ. ನೀವು ಸುಮ್ಮನೆ ಕುತ್ತಿಗೆ ನೋವು ಮಾಡಿಕೊಳ್ಳಬೇಡಿ."

ಇನ್‌ಸ್ಪೆಕ್ಟ್ರು ಬಿದ್ದು ಬಿದ್ದು ನಕ್ಕರು. "ರೇಖಾಗಣಿತ ಇಲ್ಲಿ ಇರಲೇಬೇಕು" ಅಂದರು.

ಹೆಡ್‌ಮಾಷ್ಟ್ರಿಗೆ ಅದು ಕೇಳಿಸಲೇ ಇಲ್ಲ. ಅವರು ಇನ್ನೂ ಕತ್ತು ವಾರೆ ಮಾಡಿಕೊಂಡು ಗೋಡೆಯ ತ್ರಿಕೋನವನ್ನೇ ನೋಡುತ್ತಿದ್ದರು.