ಬೆಣ್ಣೆಯ ಹತ್ತಿರ ನಿಲ್ಲುತ್ತಿದ್ದ ಫಲಕ

ಆ ದಿನದ ಅವಾಂತರಕ್ಕೆಲ್ಲ ಕಾರಣ ಒಂದು ತುಂಡು ವಾಕ್ಯ.

ಗೋಡೆಗೆ ತಗುಲಿಹಾಕಿದ್ದ ದೀಪದ ಫಲಕದ ಮೇಲೆ ಅದು ಕೆಂಪಕ್ಷರಗಳಲ್ಲಿ ಹೊಳೆಯುತ್ತಿತ್ತು: ‘ನಮ್ಮ ಯಜಮಾನರ ಮನಸ್ಸು ಬೆಣ್ಣೆ’. ಕೆಳಗೆ ಯಜಮಾನರೇ ನಿಂತು, ಕನ್ನಡಕ ಒರೆಸಿಕೊಂಡು, ಮಗು ಚಂದ್ರನನ್ನು ನೋಡುವಂತೆ ನೋಡುತ್ತಿದ್ದರು.

“ಯಾರಪ್ಪಾ ಇದನ್ನ ಬರೆದಿದ್ದು?”

“ನಾನೇ ಸಾರ್. ಸುಮ್ನೆ ಪರೀಕ್ಷೆಗೆ ಅಂತ... ಅದು ಇನ್ನೂ ಮುಂದೆ...” ಎಂದ ಫಲಕಕ್ಕೆ ಪ್ರೋಗ್ರಾಂ ಬರೆಯುವವನು.

“ಮುಂದೇನೂ ಬೇಡ. ಇಷ್ಟೇ ಸಾಕು. ಮನೇಲಂತೂ ಯಾರೂ ನಂಬಲ್ಲ,” ಎಂದು ಯಜಮಾನರು ಫೋಟೊ ತೆಗೆದು ಹೆಂಡತಿಗೆ ಕಳಿಸಿಯೇಬಿಟ್ಟರು.

ಮಾತು ನಡುವಿನಲ್ಲೇ ಕಡಿದುಹೋಗುವುದು ಅವನ ಹಣೆಬರಹ. ಯಾರು ಅಡ್ಡ ಬಂದರೂ ನಿಂತುಬಿಡುತ್ತಾನೆ, ಬಿಟ್ಟಲ್ಲಿಗೆ ಮರಳುವುದಿಲ್ಲ. ಅದಕ್ಕೇ ಆಫೀಸಿನಲ್ಲಿ ಅವನ ಹೆಸರು ಅಲ್ಪವಿರಾಮ. ಮದುವೆಯಾದಾಗಿನಿಂದ ಹೆಂಡತಿ ಸಮುದ್ರ ನೋಡಬೇಕು ಎನ್ನುತ್ತಿದ್ದಳು. ನಾಳೆ ಬೆಳಗಿನ ರೈಲಿಗೆ ಟಿಕೆಟ್ಟೂ ಆಗಿತ್ತು. ರಜೆಯೊಂದು ಆಗಿರಲಿಲ್ಲ. “ಸಾರ್, ನನಗೆ ಒಂದು ವಾರ...” ಎಂಬಲ್ಲಿಗೆ ಪ್ರತಿಸಲವೂ ಯಜಮಾನರ ಫೋನು ಹೊಡೆದುಕೊಳ್ಳುತ್ತಿತ್ತು.

ಹಾಗೆ ಒಮ್ಮೆ ಮಾತು ನುಂಗಿಕೊಂಡು ಬಂದು, ಹೊಟ್ಟೆಯುರಿಯಲ್ಲಿ ಕುಟ್ಟಿದ ಸಾಲು ಅದು. ಪೂರ್ತಿ ಸಾಲು ಹೀಗಿತ್ತು: ‘ನಮ್ಮ ಯಜಮಾನರ ಮನಸ್ಸು ಬೆಣ್ಣೆ, ಆದರೆ ಫ್ರಿಜ್ಜಿನಲ್ಲಿಟ್ಟದ್ದು, ರಜೆ ಕೇಳಿದರೆ ಚಾಕುವೂ ಇಳಿಯುವುದಿಲ್ಲ.’ ಫಲಕ ಉದ್ದ ಸಾಲುಗಳನ್ನೆಲ್ಲ ಅರ್ಧಕ್ಕೇ ನುಂಗುತ್ತಿದ್ದುದರಿಂದ ಅವನ ನೌಕರಿ ಉಳಿದಿತ್ತು.

ಆದರೆ ಅದೇ ರೋಗ ಫಲಕ ಮಾಡಿ ಮಾರುವ ಅವರ ಕಂಪನಿಯ ಮಾನವನ್ನೂ ಕಳೆದಿತ್ತು. ಬಸ್ ನಿಲ್ದಾಣದಲ್ಲಿ ಹಾಕಿದ ಇವರ ಮೊದಲ ಫಲಕ, ‘ಆರನೇ ಬಸ್ಸು ಈಗ ಹೊರಡುತ್ತದೆ ಎಂದು ಯಾರೂ ಓಡಬೇಡಿ, ಕೆಟ್ಟು ನಿಂತಿದೆ’ ಎಂದು ಬರೆಯುವ ಬದಲು ಮೊದಲ ನಾಲ್ಕು ಮಾತಿಗೇ ನಿಂತು, ಇಡೀ ನಿಲ್ದಾಣವನ್ನು ಓಡಿಸಿತ್ತು.

“ನಿಲ್ದಾಣಗಳ ಉಸ್ತುವಾರಿ ಮೇಡಂ ಸಂಜೆ ಬರ್ತಾರೆ,” ಎಂದರು ಯಜಮಾನರು. “ಅಷ್ಟರಲ್ಲಿ ಸರಿಮಾಡು. ತೋರಿಸೋಕೆ ಇದೇ ಸಾಲು ಇರಲಿ. ಆಮೇಲೆ ಅದೇನೋ ಕೇಳ್ಬೇಕು ಅಂತ ಓಡಾಡ್ತಿದ್ಯಲ್ಲ, ಕೇಳುವೆಯಂತೆ. ಬೆಣ್ಣೆ ಮನಸ್ಸು ಇಲ್ಲ ಅನ್ನತ್ತಾ?”

ಅಲ್ಪವಿರಾಮ ಕುರ್ಚಿಗೆ ಅಂಟಿಕೊಂಡ. ಮೊದಲು ಪ್ರೋಗ್ರಾಂ ಸರಿಮಾಡುವುದು, ಆಮೇಲೆ ಸಾಲಿನ ಬಾಲ ಕತ್ತರಿಸುವುದು. ಎರಡೇ ಕೆಲಸ.

ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ ಫಲಕವೆಂದರೆ ಬರಿಯ ಒಂದು ಸಂಖ್ಯೆ. ಆ ಸಂಖ್ಯೆಯ ಬಾಗಿಲಿಗೆ ಇಷ್ಟು ಅಕ್ಷರ ಬರೆ ಎಂದರೆ ಯಂತ್ರ ಬರೆಯುತ್ತದೆ. ಆದರೆ ಅದು ಅಜ್ಜಿಕತೆಯ ಸೇವಕನಿದ್ದಂತೆ. ಹತ್ತು ಕೊಡ ನೀರು ತಾ ಎಂದರೆ ಮೂರು ತಂದು, ‘ಒಡೆಯಾ, ಮೂರು ತಂದೆ’ ಎಂದು ಪ್ರಾಮಾಣಿಕವಾಗಿ ಹೇಳಿ ನಿಲ್ಲುತ್ತದೆ. ಕೇಳಿಸಿಕೊಂಡು, ‘ಉಳಿದದ್ದನ್ನೂ ತಾರಪ್ಪಾ’ ಎನ್ನಬೇಕಾದವನು ಒಡೆಯ. ಅಲ್ಪವಿರಾಮ ಇಷ್ಟು ದಿನ ಎಷ್ಟು ತಂದೆ ಎಂದು ಕೇಳಿಯೇ ಇರಲಿಲ್ಲ.

ಈಗ ಕೇಳಿದ. ಉಳಿದಷ್ಟನ್ನು ಮತ್ತೆ ಬರೆ, ಮುಗಿಯುವವರೆಗೂ ಬರೆ. ತಂತಿಯೇ ಕಿತ್ತುಬಂದರೆ ಸರಿ, ಕೈಬಿಡು. ಯಾರೋ ನಡುವೆ ಭುಜ ತಟ್ಟಿದರು ಅಂತ ಮಾತ್ರ ಬಿಡಬೇಡ, ಬಿಟ್ಟಲ್ಲಿಂದಲೇ ಹಿಡಿ ಎಂದು ಗೊಣಗುತ್ತಲೇ ಬರೆದ.

“ಅಂದ್ರೆ ನಿನ್ನ ಹಾಗಲ್ಲ ಅನ್ನು,” ಎಂದಳು ಪಕ್ಕದ ಮೇಜಿನಲ್ಲಿ ತಂತಿ ಬೆಸೆಯುತ್ತಿದ್ದ ಅಕ್ಕ. “ನಿಲ್ಲಿಸೋ ಕೀ ಒತ್ತಿದ್ರೆ? ನನ್ನ ಮೊಣಕೈ ದಿನಾ ಅದರ ಮೇಲೇ ಬೀಳತ್ತೆ.”

“ಒತ್ತಿದ್ರೆ ‘ಆಗಲಿ, ಕೈಲಿರೋ ಸಾಲು ಮುಗಿಸಿ ನಿಲ್ತೀನಿ’ ಅನ್ನತ್ತೆ ಅಕ್ಕಾ. ಬಲು ಸಭ್ಯ.”

ಕೆಲಸ ಮುಗಿಯಿತು. ಇನ್ನು ಬಾಲ. ಕೈ ಇಟ್ಟನೋ ಇಲ್ಲವೋ, ಹೆಂಡತಿಯ ಫೋನು.

“ರೀ, ಸಮುದ್ರಕ್ಕೆ ಛತ್ರಿ ಬೇಕಾ?”

“ನೋಡು, ನಾನೀಗ ಒಂದು ಬಾಲ...”

“ಬಾಲ್ ಆಮೇಲೆ ಆಡಿ. ಛತ್ರಿ ಹೇಳಿ.”

ಛತ್ರಿ ತೀರ್ಮಾನವಾಯಿತು. ಮತ್ತೆ ಕೈ ಇಟ್ಟ. ಅಕ್ಕ ತಂತಿ ಬೆಸೆಯುವ ಬಿಸಿ ಕಡ್ಡಿಯನ್ನು ಮೇಜಿನ ಬಟ್ಟೆಯ ಮೇಲಿಟ್ಟು ಹೊಗೆ ಎಬ್ಬಿಸಿದಳು. ಇಬ್ಬರೂ ಸೇರಿ ಚಹಾ ಸುರಿದು ಆರಿಸಿದರು. ಮತ್ತೆ ಕೈ ಇಟ್ಟ. ಯಜಮಾನರು ಬಂದು, “ಮೇಡಂಗೆ ಒಳ್ಳೆ ಕುರ್ಚಿ ತಗೊಂಡ್ಬಾ,” ಎಂದರು. ಅವನು ಕುರ್ಚಿ ಹೊತ್ತು ತಂದ. ತಂದವನಿಗೆ ಏನೋ ಮಾಡುವುದಿತ್ತಲ್ಲ ಅನ್ನಿಸಿತು, ಏನೆಂದು ನೆನಪಾಗಲಿಲ್ಲ.

ಮೇಡಂ ಬಂದರು, ಕೂತರು, ನಗಲಿಲ್ಲ. “ನಿಮ್ಮ ಫಲಕ ನಂಬಿ ಓಡಿದವರಲ್ಲಿ ನಾನೂ ಒಬ್ಬಳು. ಹ್ಞೂಂ, ತೋರಿಸಿ.”

ಅಲ್ಪವಿರಾಮ ಗುಂಡಿ ಒತ್ತಿದ. ಅಕ್ಷರಗಳು ಬಸವನಹುಳುವಿನಂತೆ ಹೊರಟವು. ‘ನಮ್ಮ... ಯಜಮಾನರ... ಮನಸ್ಸು... ಬೆಣ್ಣೆ...’ ಯಜಮಾನರು ನಾಚಿ ನೆಲ ನೋಡಿದರು.

ಆಮೇಲೊಂದು ‘ಆದರೆ’ ಬಂತು.

ಅಲ್ಪವಿರಾಮನಿಗೆ ಈಗ ನೆನಪಾಯಿತು. ಬಾಲ! ನಿಲ್ಲಿಸುವ ಕೀ ಒತ್ತಿದ. ಫಲಕ ಒಂದು ಕ್ಷಣ ಮಿಟುಕಿ, ‘ಫ್ರಿಜ್ಜಿನಲ್ಲಿಟ್ಟದ್ದು’ ಎಂದಿತು. ಮತ್ತೆ ಒತ್ತಿದ. ‘ರಜೆ ಕೇಳಿದರೆ’ ಎಂದಿತು. ಮರಕುಟಿಗದಂತೆ ಕುಟ್ಟಿದ. ಅವನೇ ಕಲಿಸಿದ ವಿದ್ಯೆ. ಪ್ರತಿ ಏಟಿಗೂ ವಿನಯದಿಂದ ತಲೆಯಾಡಿಸಿ, ಬಿಟ್ಟಲ್ಲಿಂದ ಮುಂದುವರಿಯುತ್ತಿತ್ತು. ಕೊನೆಗೆ ಮೇಜಿನ ಕೆಳಗೆ ನುಗ್ಗಿ, ಕೈಗೆ ಸಿಕ್ಕ ಪ್ಲಗ್ ಕಿತ್ತ. ಫ್ಯಾನು ನಿಂತಿತು. ಆ ನಿಶ್ಶಬ್ದದಲ್ಲಿ ಎಲ್ಲರೂ ‘ಚಾಕುವೂ ಇಳಿಯುವುದಿಲ್ಲ’ ಎಂಬುದನ್ನು ನೆಮ್ಮದಿಯಾಗಿ ಓದಿದರು.

ಮೊದಲು ನಕ್ಕವರು ಮೇಡಂ. “ಅಯ್ಯಯ್ಯೋ! ಪಾಪ ಈ ಮನುಷ್ಯ ಅಷ್ಟು ಕುಟ್ಟಿದ್ರೂ ಒಂದಕ್ಷರ ಬಿಡಲಿಲ್ವಲ್ಲ! ನನಗೆ ಇಂಥದ್ದೇ ಬೇಕು. ಎಲ್ಲಾ ನಿಲ್ದಾಣಕ್ಕೂ ಹಾಕಿ. ನಾಳೆಯಿಂದಲೇ. ಹಾಕೋಕೆ ಇವರೇ ಬರಲಿ.”

ಅವರು ಕಣ್ಣೊರೆಸಿಕೊಂಡು ಹೋದ ಮೇಲೆ ಯಜಮಾನರು ಮೇಜಿನ ಕೆಳಗೆ ಬಗ್ಗಿದರು.

“ಹೊರಗೆ ಬಾ. ಅದೇನು ಕೇಳ್ಬೇಕು ಅಂತಿದ್ದೆ? ಇವತ್ತು ಪೂರ್ತಿ ಹೇಳು. ಫೋನ್ ಆಫ್ ಮಾಡಿದೀನಿ.”

ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಆ ವಾಕ್ಯ ಮುಗಿಸಿದ. “ಸಾರ್, ನನಗೆ ನಾಳೆಯಿಂದ ಒಂದು ವಾರ ರಜೆ ಬೇಕು, ಹೆಂಡತಿಗೆ ಸಮುದ್ರ ತೋರಿಸಬೇಕು.”

“ಭೇಷ್. ಕೊನೆವರೆಗೂ ಕೇಳಿಸ್ಕೊಂಡೆ,” ಎಂದು ಯಜಮಾನರು ಅವನ ಬೆನ್ನು ತಟ್ಟಿದರು. “ಆದ್ರೆ ಏನ್ಮಾಡ್ಲಿ ಮಗನೇ, ಬೆಣ್ಣೆ ಫ್ರಿಜ್ಜಿನಲ್ಲಿದೆ. ಬೆಳಿಗ್ಗೆ ಏಣಿ ತಗೊಂಡು ಮೊದಲನೇ ನಿಲ್ದಾಣಕ್ಕೆ ಹೋಗು.”

ಬೀದಿಗೆ ಬಂದು ಅವನು ಹೆಂಡತಿಗೆ ಫೋನು ಮಾಡಿದ. ಈ ಸಲ ಎಷ್ಟು ಅಡ್ಡ ಬಂದರೂ ಬಿಡಬಾರದು, ಪೂರ್ತಿ ಹೇಳಿಯೇ ತೀರಬೇಕು.

“ನೋಡು, ರಜೆ ವಿಷಯ ಹೇಳಿದೆ. ಯಜಮಾನರು ಭೇಷ್ ಅಂತ ಬೆನ್ನು ತಟ್ಟಿದ್ರು, ಆದ್ರೆ...”

“ಅಮ್ಮಾ! ಭೇಷ್ ಅಂದ್ರಂತೆ!” ಎಂದು ಕಿರುಚಿ ಅವಳು ಫೋನಿಟ್ಟೇಬಿಟ್ಟಳು.

ಅವನು ಬಿಡಲಿಲ್ಲ, ಮತ್ತೆ ಮಾಡಿದ, ಮತ್ತೂ ಮಾಡಿದ. ಅವಳು ಎತ್ತಲಿಲ್ಲ. ಮನೆ ತಲುಪಿದಾಗ ಅವಳು ಬಾಗಿಲಲ್ಲೇ, ಬೀಗ ಜಡಿದ ಪೆಟ್ಟಿಗೆಯ ಮೇಲೆ ಕೂತಿದ್ದಳು, ಮಡಿಲಲ್ಲಿ ಛತ್ರಿ.

“ಆದ್ರೆ ಅಂದ್ರಲ್ಲ,” ಎಂದಳು ಮುಖ ಅರಳಿಸಿ, “ಆದ್ರೆ ಏನ್ರೀ?”

ಅಲ್ಪವಿರಾಮ ಬಾಯಿ ತೆರೆದ. ಆ ಬೀದಿಯಲ್ಲಿ ಆಗ ಒಂದು ಫೋನೂ ಹೊಡೆದುಕೊಳ್ಳಲಿಲ್ಲ, ಒಂದು ನಾಯಿಯೂ ಬೊಗಳಲಿಲ್ಲ.