ಅಲ್ಲಾಡುವ ಕೈಗೊಂದು ಕ್ಯಾಮೆರಾ

ಒಂದು ಕಡೆ ಕೂಡದವರಿಗೆ ಇಂಥವು ಆಗುತ್ತಲೇ ಇರುತ್ತವೆ. ನಾನಂತೂ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಟಿವಿ ನೋಡುತ್ತಿದ್ದರೆ ನಡುವೆ ನಾಲ್ಕು ಸಲ ಎದ್ದು ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಅಂತ ನೋಡಿ ಬರುತ್ತೇನೆ, ಆ ಹೊತ್ತು ಒಲೆಯನ್ನೇ ಹಚ್ಚಿರದಿದ್ದರೂ. ನಮ್ಮವರದು ಸೋಲಾಪುರದಲ್ಲಿ ಚಾದರದ ಅಂಗಡಿ. ಅಲ್ಲಿಗೆ ಹೋದರೆ ನಾನು ಮಡಚಿಟ್ಟ ಚಾದರಗಳನ್ನೆಲ್ಲ ಬಿಚ್ಚಿ ಮತ್ತೆ ಮಡಚುತ್ತೇನೆ. ಅದಕ್ಕೇ ಅವರು, "ನೀ ಮನ್ಯಾಗ ಇದ್ರ ಅಂಗಡಿ ಚಲೋ ನಡೀತದ" ಅಂತ ಕೈಮುಗಿದಿದ್ದಾರೆ. ಇಂಥವಳು ಐವತ್ತೆರಡನೇ ವಯಸ್ಸಿಗೆ ಫೋಟೋ ತೆಗೆಯಲು ಕಲಿಯುತ್ತೇನೆ ಅಂತ ಹೊರಟರೆ ನಗುವವರದೇನು ತಪ್ಪು?

ಆದರೆ ಹೊರಟ ಕಾರಣ ನಗುವಂಥದ್ದಲ್ಲ. ಅಪ್ಪ ತೀರಿಕೊಂಡಾಗ ನಾಗಣಸೂರದ ತವರುಮನೆಯಲ್ಲಿ ಅವರದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಯಾವುದೋ ಗುರುತಿನ ಚೀಟಿಯ ಮೇಲಿದ್ದ ಉಗುರಿನಷ್ಟು ಫೋಟೋವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಇವತ್ತಿಗೂ ಮನೆಗೆ ಬಂದ ಬೀಗರು ಗೋಡೆ ನೋಡಿ, "ಇವ್ರು ಯಾರ್ರಿ?" ಅನ್ನುತ್ತಾರೆ. ಈಗ ಅವ್ವನಿಗೆ ಎಂಬತ್ನಾಲ್ಕು. ಮೊಬೈಲಿನಲ್ಲಿ ಮೊಮ್ಮಕ್ಕಳು ತೆಗೆದ ಫೋಟೋಗಳಲ್ಲಿ ಅವ್ವನ ಸೆರಗು ಮಾತ್ರ ಇದೆ. ಮೊಬೈಲ್ ಎತ್ತಿದರೆ ಸಾಕು, ಮುಖ ಮುಚ್ಚಿಕೊಳ್ಳುತ್ತಾಳೆ. ನಾನು ಕದ್ದು ತೆಗೆದವುಗಳಲ್ಲಿ ಅವ್ವ ಹೊಗೆಯ ಹಾಗೆ ಕಾಣುತ್ತಾಳೆ. ಅವ್ವನೂ ಹೀಗೇ ಗುರುತು ಸಿಗದೆ ಗೋಡೆಗೇರಿಬಿಟ್ಟರೆ ಅನ್ನುವ ಹೆದರಿಕೆ ನನ್ನನ್ನು ಕೂಡಲು ಬಿಡಲಿಲ್ಲ. ಮಗಳು ಕೊಂಡು, ಎರಡು ಸಲ ಬಳಸಿ, ಕಪಾಟಿಗೆ ಸೇರಿಸಿದ್ದ ಕ್ಯಾಮೆರಾ ಹೊರಗೆ ತೆಗೆದೆ.

ಒಂದು: ನಿಂತ ಫ್ಯಾನು

ಕ್ಲಾಸು ವಿಜಾಪುರ ರಸ್ತೆಯ ಒಂದು ಮೆಡಿಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಹತ್ತು ಭಾನುವಾರ, ಏಳು ಜನ ವಿದ್ಯಾರ್ಥಿಗಳು. ಮಾಸ್ತರರು ಮೂವತ್ತರ ಆಸುಪಾಸಿನ ತೆಳ್ಳನೆಯ ಮರಾಠಿ ಮನುಷ್ಯ. ಕನ್ನಡ ತಿಳಿಯುವುದಿಲ್ಲ, ಸಿಟ್ಟು ಬರುವುದಿಲ್ಲ. ನನ್ನನ್ನು 'ಕಾಕೂ', ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತಿದ್ದರು.

ಮೊದಲ ಪಾಠ: ಬಟನ್ ಒತ್ತುವಾಗ ಉಸಿರು ಬಿಗಿಹಿಡಿಯಬೇಕು, ಮೊಳಕೈ ಪಕ್ಕೆಗೆ ಒತ್ತಿಕೊಳ್ಳಬೇಕು, ಅಲ್ಲಾಡಬಾರದು. ಅಲ್ಲಾಡಬೇಡಿ ಅನ್ನುವುದಕ್ಕೆ ಮರಾಠಿಯಲ್ಲಿ 'ಹಲೂ ನಕಾ' ಅಂತಾರೆ. ಆ ಹತ್ತು ಭಾನುವಾರಗಳಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಅದೇ. ಉಳಿದ ಆರು ಜನರಿಗೆ ಅವರು ಬೆಳಕು, ನೆರಳು ಅಂತ ಏನೇನೋ ಹೇಳುತ್ತಿದ್ದರು. ನನ್ನ ಹತ್ತಿರ ಬಂದರೆ, "ಕಾಕೂ, ಹಲೂ ನಕಾ!"

ನಾನು ಉಸಿರು ಹಿಡಿದೆ. ಹಿಡಿದ ಮೇಲೆ ನೆನಪಾಯಿತು, ಲೆನ್ಸಿನ ಮುಚ್ಚಳ ತೆಗೆದಿಲ್ಲ. ತೆಗೆದೆ. ಆಮೇಲೆ ನೋಡಿದರೆ ಸ್ವಿಚ್ ಹಾಕಿಲ್ಲ. ಹಾಕಿದೆ. ಅಷ್ಟರಲ್ಲಿ ಮೂಗಿನ ಮೇಲಿನ ಚಾಳೀಸು ಜಾರಿತು, ಅದನ್ನೂ ಏರಿಸಿದೆ. ಉಸಿರು ಬಿಡಿ ಅಂತ ಯಾರೂ ಹೇಳಿರಲಿಲ್ಲವಲ್ಲ, ಬಿಡಲಿಲ್ಲ. ಕಣ್ಣಿಗೆ ಕತ್ತಲೆ ಬಂದು ಕುರ್ಚಿಯ ಮೇಲೆ ಕುಸಿಯುವಾಗ ಬೆರಳು ತಾನಾಗಿಯೇ ಬಟನ್ ಒತ್ತಿತು. ಬಂದದ್ದು ಮಾಡಿನ ಫ್ಯಾನಿನ ಫೋಟೋ.

ಮಾಸ್ತರರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ತಲೆ ಎತ್ತಿ ಫ್ಯಾನನ್ನೂ ನೋಡಿದರು. ಮುಂಜಾನೆಯಿಂದ ಕರೆಂಟ್ ಇರಲಿಲ್ಲ, ಫ್ಯಾನು ನಿಂತಿತ್ತು. ನನ್ನ ಫೋಟೋದಲ್ಲಿ ಮಾತ್ರ ಅದು ಗರಗರ ತಿರುಗುತ್ತಿತ್ತು.

ಎರಡು: ರಸ್ತೆ ಶಿಸ್ತಾದದ್ದು

ಓಡುವ ಗಾಡಿಯ ಫೋಟೋ ತೆಗೆದು ತರಬೇಕು ಅನ್ನುವುದು ಮೂರನೇ ವಾರದ ಮನೆಗೆಲಸ. ನನಗೆ ಖುಷಿಯೋ ಖುಷಿ. ಗಾಡಿಯ ಜೊತೆಗೇ ಕ್ಯಾಮೆರಾವನ್ನೂ ತಿರುಗಿಸಬೇಕಂತೆ. ಅಂತೂ ಅಲ್ಲಾಡುವವರಿಗೂ ಒಂದು ಪಾಠ ಇದೆಯಲ್ಲ ಅಂತ ಬಿಳಿ ಟೋಪಿ ಹಾಕಿಕೊಂಡು ವಿಜಾಪುರ ರಸ್ತೆಯ ಸಿಗ್ನಲ್ ಹತ್ತಿರ ನಿಂತೆ.

ಮೊದಲು ಬಂದ ಮೋಟಾರ್‌ಸೈಕಲ್ಲಿನವನು ನನ್ನನ್ನು ನೋಡಿದ್ದೇ ಟ್ಯಾಂಕಿನ ಮೇಲಿದ್ದ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಂಡ. ಹಿಂದಿನ ಗಾಡಿಯಲ್ಲಿ ಮೂವರಿದ್ದರು. ಅವರಲ್ಲೊಬ್ಬ ಇಳಿದು, ತಾನು ಹುಟ್ಟಿದಾಗಿನಿಂದ ನಡೆದೇ ಓಡಾಡುವವನ ಹಾಗೆ ಫುಟ್‌ಪಾತ್ ಹತ್ತಿದ. ಆಟೋದವನೊಬ್ಬ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹತ್ತಿರ ಬಂದು ಕೇಳಿದ.

"ಮೇಡಂ, ದಂಡ ಮನೀಗಿ ಬರ್ತದೋ, ಇಲ್ಲೇ ಹಾಕ್ತೀರೋ?"

"ನಾ ದಂಡ ಹಾಕವಾಕಿ ಅಲ್ಲಪ್ಪ. ಫೋಟೋ ಕಲಿಯಾಕ ಬಂದೀನಿ."

"ಹಂಗs ಅಂತಾರ ಎಲ್ಲಾರೂ," ಅಂತ ಅವನು ಹೆಚ್ಚಾಗಿ ತುಂಬಿದ್ದ ಮೂವರು ಪ್ಯಾಸೆಂಜರರನ್ನು ಕೆಳಗಿಳಿಸಿಯೇ ಮುಂದೆ ಹೋದ.

ಅರ್ಧ ತಾಸಿನಲ್ಲಿ ಆ ರಸ್ತೆ ಎಷ್ಟು ಶಿಸ್ತಾಯಿತೆಂದರೆ, ನನ್ನನ್ನು ಕಂಡವರೆಲ್ಲ ನಿಧಾನ ಮಾಡುತ್ತಿದ್ದರಿಂದ ಓಡುವ ಗಾಡಿ ಒಂದೂ ಸಿಗಲಿಲ್ಲ. ಬೇಜಾರಾಗಿ ಹೊರಟೆ. ನೆರಳಿನಲ್ಲಿ ಕೂತು ಎಲ್ಲ ನೋಡುತ್ತಿದ್ದ ಟ್ರಾಫಿಕ್ ಪೊಲೀಸು ಎದ್ದುಬಂದು ಕೈಮುಗಿದ: "ಕಾಕೂ, ಉದ್ಯಾ ಪಣ ಯಾ." ನಾಳೆಯೂ ಬರಬೇಕಂತೆ.

ಮೂರು: ಆವಾಜು ಇಲ್ಲದ ಫೋಟೋ

ಆರನೇ ವಾರ ಮಾಸ್ತರರು ನಮ್ಮನ್ನು ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತು ಎಂಐಡಿಸಿಗೆ ಕರೆದುಕೊಂಡು ಹೋದರು. ನಮ್ಮವರಿಗೆ ಚಾದರ ಕೊಡುವ ಮಾಲಕರ ಕಾರಖಾನೆ, ಒಂದೇ ಶೆಡ್ಡಿನಲ್ಲಿ ಹತ್ತು ಮಗ್ಗ. ಓಡುವ ಮಗ್ಗ ಮಸುಕಾಗಿ ಬರಬೇಕು, ಎದುರಿಗೆ ನಿಂತ ನೇಕಾರ ಸ್ವಚ್ಛ ಬರಬೇಕು, ಇದು ಅವತ್ತಿನ ಪಾಠ. ಒಳಗೆ ಹೋದರೆ ಮಗ್ಗಗಳ ಗದ್ದಲಕ್ಕೆ ನಮ್ಮ ಮಾತು ನಮಗೇ ಕೇಳುವುದಿಲ್ಲ. ಮಾಸ್ತರರ ಬಾಯಿ ಮಾತ್ರ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದಾರೆ ಅಂತ ನಾನೊಬ್ಬಳು ಕೇಳದೆಯೇ ಹೇಳಬಲ್ಲೆ.

ನಾನು ಆರಿಸಿಕೊಂಡ ನೇಕಾರ ಬಹಳ ಮರ್ಯಾದಸ್ತ. ಕ್ಯಾಮೆರಾ ಕಂಡದ್ದೇ ತಡೀರಿ ಅಂತ ಕೈಮಾಡಿ, ಮೂಲೆಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದ. ಬಂದವನು ತನ್ನ ಮಗ್ಗ ನಿಲ್ಲಿಸಿದ. ಪಕ್ಕದವನಿಗೆ ಸನ್ನೆ ಮಾಡಿದ, ಅವನೂ ನಿಲ್ಲಿಸಿದ. ಹೀಗೆ ಒಂದರ ಹಿಂದೆ ಒಂದು ಹತ್ತೂ ನಿಂತವು. ಶೆಡ್ಡಿನಲ್ಲಿ ಗುಬ್ಬಿಯ ದನಿ ಕೇಳಿಸಿತು.

"ಮಗ್ಗಾ ಯಾಕ ನಿಲ್ಲಿಸಿದ್ರಿ?" ಅಂದೆ.

"ಇಷ್ಟ ಗದ್ಲದಾಗ ಫೋಟೋ ಹೆಂಗ ಚಲೋ ಬರ್ತದ್ರಿ ಅಕ್ಕಾರ?"

ಮಗ್ಗದ ಮಾಲಕರಿಗೆ ಗದ್ದಲದಲ್ಲಿ ನಿದ್ದೆ ಬರುತ್ತದೆ, ನಿಶ್ಶಬ್ದವಾದರೆ ಎಚ್ಚರವಾಗುತ್ತದೆ. ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಅವರು ಆಫೀಸಿನಿಂದ ಓಡಿ ಬಂದರು. "ಏನಾತು? ಯಾರ್ದರ ಕೈ ಸಿಕ್ತೇನು?"

"ಏನಿಲ್ರಿ ಮಾಲಕರ. ಫೋಟೋದಾಗ ಆವಾಜ ಬರಬಾರ್ದಂತ ಬಂದ್ ಮಾಡೀವಿ."

ಮಾಲಕರು ನಿಟ್ಟುಸಿರು ಬಿಟ್ಟರು. ಆಮೇಲೆ ನನ್ನ ಕ್ಯಾಮೆರಾ ನೋಡಿದರು, ಇನ್ನೊಂದು ಚಪ್ಪಲಿ ತರಿಸಿಕೊಂಡರು, ನಡುವೆ ಬಂದು ನಿಂತು, "ಹಂಗಾರ ನಂದೂ ಒಂದ ತಗೀರಿ ವೈನಿ" ಅಂದರು. ತೆಗೆದೆ. ಆ ಫೋಟೋದಲ್ಲಿ ಮಾಲಕರು, ನೇಕಾರರು, ಹತ್ತೂ ಮಗ್ಗ, ಎಲ್ಲವೂ ಅಲ್ಲಾಡಿವೆ. ಅವತ್ತು ಅಲ್ಲಾಡದೆ ನಿಂತದ್ದು ಕೆಲಸ ಒಂದೇ.

ನಾಲ್ಕು: ಹಿಂದೆ ನಿಂತ ಅಣ್ಣ

ಒಂಬತ್ತು ವಾರ ಕಳೆದರೂ ನನ್ನದೊಂದು ಫೋಟೋ ಸ್ವಚ್ಛ ಬಂದಿರಲಿಲ್ಲ. ರಾತ್ರಿ ಅಡುಗೆ ಮಾಡುವಾಗಲೂ ಸೌಟು ಪಕ್ಕೆಗೆ ಒತ್ತಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಕೊನೆಗೆ ಮಾಸ್ತರರು ತಮ್ಮದೇ ಮೂರು ಕಾಲಿನ ಸ್ಟ್ಯಾಂಡು ಕೊಟ್ಟರು. ಹತ್ತನೇ ಭಾನುವಾರ ಎಲ್ಲರೂ ಅಕ್ಕಲಕೋಟಕ್ಕೆ ಹೋಗುವುದು, ಮಧ್ಯಾಹ್ನ ನಾಗಣಸೂರದ ನಮ್ಮ ತವರಿನಲ್ಲಿ ಊಟ ಮಾಡುವುದು, ಅಲ್ಲಿ ನಾನು ಅವ್ವನ ಫೋಟೋ ತೆಗೆಯುವುದು ಅಂತ ನಿಶ್ಚಯವಾಯಿತು. ಸ್ಟ್ಯಾಂಡ್ ಇದ್ದರೆ ನನಗೇನು ಚಿಂತೆ?

ಅಕ್ಕಲಕೋಟದ ಗುಡಿಗೆ ದರ್ಶನಕ್ಕೆ ಬಂದಿದ್ದ ಒಂದು ಒಕ್ಕಲುತನದ ಮನೆಯವರು ನನ್ನ ಸ್ಟ್ಯಾಂಡು ನೋಡಿ, ನಮ್ಮದೊಂದು ತೆಗೆಯಿರಿ ಅಂದರು. ಮುಂದೆ ತಮ್ಮಂದಿರು, ಹೆಂಡಿರು, ಮಕ್ಕಳು. ಎತ್ತರದ ಹಿರಿಯಣ್ಣ ಹಿಂದೆ. ಮುಂದಿನವರು ಸ್ವಚ್ಛ, ಹಿಂದಿನದು ಮಸುಕು ಬರುವ ಹಾಗೆ ತೆಗೆಯುವುದನ್ನು ಮಾಸ್ತರರು ಆಗಷ್ಟೇ ಕಲಿಸಿದ್ದರು. ಹಾಗೇ ತೆಗೆದೆ. ನನ್ನ ಜೀವಮಾನದ ಮೊದಲ ಸ್ವಚ್ಛ ಫೋಟೋ! ಎಲ್ಲರೂ ಮುಗಿಬಿದ್ದು ನೋಡಿದರು. ಹಿರಿಯಣ್ಣ ತನ್ನನ್ನು ಹುಡುಕಿದ, ಸಿಗಲಿಲ್ಲ. ಇರಬೇಕಾದ ಜಾಗದಲ್ಲಿ ಬಿಳಿ ಟೋಪಿಯ ಒಂದು ಮಬ್ಬು ಇತ್ತು.

ಆತ ತಮ್ಮಂದಿರ ಕಡೆ ತಿರುಗಿ ಗುಡುಗಿದ: "ಹೊಲಾ ಹಂಚೂ ಮುಂದನೂ ನನ್ನ ಹಿಂಗs ಮಬ್ಬ ಮಾಡಿದ್ರಿ!"

ಸಿಟ್ಟಿನಿಂದ ಹೊರಟವನ ಧೋತರ ಸ್ಟ್ಯಾಂಡಿಗೆ ಸಿಕ್ಕಿತು. ಧೋತರಕ್ಕೆ ಏನೂ ಆಗಲಿಲ್ಲ. ಸ್ಟ್ಯಾಂಡಿನ ಕಾಲು ಮುರಿಯಿತು.

ಐದು: ಹಲ್ಲಿನ ಸೆಟ್ಟು

ಹಾಗೆ ನಾನು ನಾಗಣಸೂರಕ್ಕೆ ಬಂದದ್ದು ಬರಿಗೈಯಲ್ಲಿ, ಅದೂ ನಡುಗುವ ಕೈಯಲ್ಲಿ. ಬಡಿಸುವ ಅತ್ತಿಗೆಯ ಕೈಯಿಂದ ಬುಟ್ಟಿ ಕಸಿದು ನಾನೇ ರೊಟ್ಟಿ ಬಡಿಸಿದೆ, ಬಡಿಸಿದವರಿಗೇ ಮತ್ತೆ ಬಡಿಸಿದೆ.

"ಒಂದ ಕಡೆ ಕೂಡಬಾರ್ದೇನ ತಂಗಿ?" ಅಂದಳು ಅವ್ವ. "ಹಾರಾ ಹಾಕೂ ಫೋಟೋ ತಗಿಯಾಕ ಬಂದೀಯೇನು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ರೊಟ್ಟಿಯ ಬುಟ್ಟಿ ಕೆಳಗಿಟ್ಟೆ.

"ತಗಿ ತಗಿ. ಆದ್ರ ನನ್ನಂಗ ಕಾಣೂಹಂಗ ತಗಿ. ನಿಮ್ಮಪ್ಪನ ಫೋಟೋ ನೋಡಿದಾಗೆಲ್ಲ ಯಾವನೋ ಪರಗಂಡಸ ಮನ್ಯಾಗ ಬಂದಂಗಾಗಿ ಸೆರಗ ಹೊಚ್ಚಕೋತೀನಿ."

ಎಲ್ಲರೂ ನಕ್ಕರು. ಅವ್ವ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದಳು. ಪಡಸಾಲೆಯ ಬಾಗಿಲ ಬೆಳಕಿನಲ್ಲಿ ಮಾಸ್ತರರು ಕುರ್ಚಿ ಹಾಕಿಸಿ ಕೂಡಿಸಿದರು. ಕ್ಯಾಮೆರಾದಲ್ಲಿ ನೋಡಿದರೆ, ಯಾರೋ ಬೇರೆ ಮುದುಕಿ! ತುಟಿ ಬಿಗಿದು, ಗದ್ದ ಮುಂದೆ ಬಂದು, ಸಾಕ್ಷಿ ಹೇಳಲು ಬಂದವಳ ಹಾಗೆ ಕೂತಿದ್ದಾಳೆ. ಆಮೇಲೆ ತಿಳಿಯಿತು, ನನ್ನ ಅಣ್ಣ ಸೋಲಾಪುರದಲ್ಲಿ ಮಾಡಿಸಿಕೊಟ್ಟಿದ್ದ ಹಲ್ಲಿನ ಸೆಟ್ಟು ಹಾಕಿಕೊಂಡಿದ್ದಾಳೆ. ಊಟಕ್ಕೂ ಅದನ್ನು ಮುಟ್ಟದವಳು, ಫೋಟೋ ಅಂತ ಡಬ್ಬಿಯಿಂದ ತೆಗೆದಿದ್ದಾಳೆ. ಇಷ್ಟು ಆಸೆಯಿಂದ ಹಾಕಿಕೊಂಡವಳಿಗೆ ತೆಗಿ ಅನ್ನುವುದು ಹೇಗೆ? ಒತ್ತಿದೆ. ಹೊಗೆ. ಮತ್ತೆ ಒತ್ತಿದೆ. ಹೊಗೆ. ಅಳು ಬರುವ ಹಾಗಾಯಿತು.

ಪಕ್ಕದಲ್ಲಿದ್ದ ಮಾಸ್ತರರು ಎಂದಿನಂತೆ ಕೂಗಿದರು: "ಹಲೂ ನಕಾ!"

ಅವ್ವ ಮಾಸ್ತರರನ್ನು ನೋಡಿದಳು. ಅವಳಿಗೆ ಬರುವ ಮರಾಠಿ ಸಂತೆಯದು. 'ನಕಾ' ಅಂದರೆ ಬೇಡ ಅನ್ನುವುದು ಗೊತ್ತು. ಮೊದಲಿನ 'ಹಲೂ'ವನ್ನು ಕನ್ನಡ ಅಂತ ತಿಳಿದಳು. ಹಲ್ಲು ಬೇಡ! ಬಂದ ಅತಿಥಿಗಳ ಮುಂದೆ ಮಾನ ಹೋದವಳ ಹಾಗೆ ಮುಖ ಸಣ್ಣದು ಮಾಡಿಕೊಂಡು, ಆಚೆ ತಿರುಗಿ, ಸೆಟ್ಟು ತೆಗೆದು ಮುಷ್ಟಿಯಲ್ಲಿ ಹಿಡಿದು ಮತ್ತೆ ಕೂತಳು. ನನಗೆ ಒಂದೂ ಅರ್ಥವಾಗಲಿಲ್ಲ. ಗಾಬರಿಗೆ ಕೈ ಇನ್ನೂ ನಡುಗಿತು.

"ಹಲೂ ನಕಾ!" ಮಾಸ್ತರರು ಇನ್ನೂ ಜೋರಾಗಿ ಕೂಗಿದರು.

ಅವ್ವನ ತಾಳ್ಮೆ ಮುಗಿಯಿತು. "ತಗದೀನೋ ನಮ್ಮಪ್ಪಾ! ಇದ್ದೂವೆಲ್ಲಾ ತಗದೀನಿ! ಇನ್ನೆಲ್ಲಿ ಅದಾವ ಹಲ್ಲ, ನೋಡ ಬಾ!" ಅಂತ ಒಂದು ಕೈಯಲ್ಲಿ ಸೆಟ್ಟು ಮೇಲೆತ್ತಿ, ಬಾಯಿ ಅಗಲ ತೆರೆದು ಮಾಸ್ತರರಿಗೆ ತೋರಿಸಿದಳು.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅಣ್ಣನಿಗೆ ತಿಳಿಯಿತು, ಅತ್ತಿಗೆಗೆ ತಿಳಿಯಿತು, ಪಡಸಾಲೆಗೆ ಪಡಸಾಲೆಯೇ ಹೊಟ್ಟೆ ಹಿಡಿದುಕೊಂಡಿತು. ಕನ್ನಡ ಬಾರದ ಮಾಸ್ತರರು ಸುಮ್ಮನೆ ಪಿಳಿಪಿಳಿ ನೋಡುತ್ತಿದ್ದರು. ಅವರ ಮುಖ ನೋಡಿ ಅವ್ವನಿಗೂ ನಗು ತಡೆಯಲಾಗಲಿಲ್ಲ. ಹೊಲದಲ್ಲಿ ರಾಶಿ ಮಾಡುವಾಗ ಅಪ್ಪನನ್ನು ಕಾಡಿಸಿ ನಗುತ್ತಿದ್ದಳಲ್ಲ, ಅದೇ ನಗು. ಎಷ್ಟು ವರ್ಷವಾಗಿತ್ತು ನಾನು ಅದನ್ನು ನೋಡಿ! ಉಸಿರು ಹಿಡಿಯುವುದು, ಮೊಳಕೈ ಒತ್ತುವುದು ಎಲ್ಲ ಮರೆತು ಅವಳನ್ನೇ ನೋಡುತ್ತ ನಿಂತುಬಿಟ್ಟೆ. ಬೆರಳು ಯಾವಾಗ ಒತ್ತಿತೋ ನನಗೆ ಗೊತ್ತಿಲ್ಲ.

ಮಾಸ್ತರರು ಕ್ಯಾಮೆರಾ ಇಸಿದುಕೊಂಡು ನೋಡಿದರು. ಸೆಟ್ಟು ಹಿಡಿದ ಕೈ ಮಸುಕಾಗಿತ್ತು. ಅವ್ವನ ಮುಖ ಮಾತ್ರ ಒಂದೊಂದು ಸುಕ್ಕೂ ಎಣಿಸುವ ಹಾಗೆ ಬಂದಿತ್ತು. ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಅವ್ವ ಕ್ಯಾಮೆರಾವನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿದಳು. "ಇದು ನಾನs," ಅಂದಳು. "ಇದನ್ನ ಹಾಕ್ರಿ ಗ್ವಾಡಿಗಿ. ಹಾರಾ ಹಾಕಾಕ ಬಂದವ್ರೂ ನಗ್ಲಿ. ಮಾಸ್ತರ ಶಾಣ್ಯಾ ಅದಾನ, ಹಲ್ಲ ಬ್ಯಾಡ ಅಂದದ್ದು ಖರೇನ ಆತು."

"ಯವ್ವಾ, ಅವ್ರು ನಿನಗ ಅಂದಿಲ್ಲ," ಅಂದೆ ಕಣ್ಣೊರೆಸಿಕೊಳ್ಳುತ್ತ. "ನನಗ ಅಂದಾರ. ಹತ್ತ ವಾರದಿಂದ ನನಗs ಅನ್ನಾಕತ್ಯಾರ."

ಅವ್ವ ನಗುವುದನ್ನು ಥಟ್ಟನೆ ನಿಲ್ಲಿಸಿದಳು. ನನ್ನ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ, ಬಾಯಿಯೊಳಗೆ ಇಣುಕಿ, ದನಿ ತಗ್ಗಿಸಿ ಕೇಳಿದಳು:

"ಯಾಕ ತಂಗಿ, ನಿನ್ನವೂ ಸೆಟ್ಟೇನ?"