ಆರು ಬಾಟಲಿ ಬೆಚ್ಚನೆಯ ನೀರು

ಬಾಟಲಿಗೆ ನೀರು ತುಂಬುವುದೂ ಒಂದು ವಿದ್ಯೆಯೇ ಎಂದು ನಾನು ನಗುತ್ತಿದ್ದ ಕಾಲ ಅದು, ಎಪ್ಪತ್ತರ ದಶಕದ ಕೊನೆ. ಅಂತರ್ಜಲ ಶೋಧಿಸುವ ಕಚೇರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕಾನಹೊಸಹಳ್ಳಿಯಿಂದ ಒಳಗೆ ಒಂದು ಊರಿನ ಹೊಸ ಬೋರಿನಲ್ಲಿ ಬೆಚ್ಚನೆಯ ನೀರು ಬರುತ್ತಿದೆಯೆಂದು ಸುದ್ದಿ ಬಂತು. ಸಾಹೇಬರು ಆರು ಕಂದು ಬಾಟಲಿ ಕೊಟ್ಟು, ಗಾಳಿಗುಳ್ಳೆ ಉಳಿಯದಂತೆ ತುಂಬಿ ತಕ್ಷಣ ಮೇಣದ ಮುದ್ರೆ ಹಾಕು ಎಂದು ಕಳಿಸಿದರು.

ಬೋರು ಇದ್ದದ್ದು ಕುರಿ ಸಾಕುವ ಮಾಳವ್ವನ ಮನೆಯ ಎದುರಿಗೆ. ಹಳೆಯ ಬಾವಿ ಒಂದೂವರೆ ಮೈಲಿ ದೂರ. ಮಾಳವ್ವ ಕೇಳಿದ್ದು ಒಂದೇ ಮಾತು: "ಈ ನೀರು ಕುಡೀಬಹುದೇನ್ರಿ?"

ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನು ಭಾಷಣ ಶುರು ಮಾಡಿದೆ. ನೀರಿನಲ್ಲೂ ಭಾರದ್ದು, ಹಗುರದ್ದು ಇರುತ್ತದೆ, ಅದಕ್ಕೆ ಐಸೋಟೋಪು ಎನ್ನುತ್ತಾರೆ. ಅದನ್ನು ಅಳೆದರೆ ಇದು ಎಂಥ ಮಳೆಯ ನೀರು ಎಂದು ತಿಳಿಯುತ್ತದೆ, ಕರಗಿದ ಲವಣ ನೋಡಿದರೆ ಕೆಳಗಿನ ಬಂಡೆ ಎಷ್ಟು ಕಾದಿದೆಯೆಂದು ತಿಳಿಯುತ್ತದೆ ಎಂದೆ. ಸುತ್ತ ನೆರೆದಿದ್ದ ಊರ ಹೆಂಗಸರು ನನ್ನ ಬಾಯನ್ನೇ ನೋಡುತ್ತಿದ್ದರು. ನೀರು ಪರೀಕ್ಷೆಗೆ ದೂರ ಹೋಗುತ್ತದೆ ಎಂಬುದು ಅವರಿಗೆ ಅರ್ಥವಾಗಲಿ ಎಂದು, "ನಿಮ್ಮೂರ ಗಂಗವ್ವ ದೂರದ ದೊಡ್ಡ ಮನೆಗೆ ಹೊರಟಿದ್ದಾಳೆ. ನಾನು ಬಂದು ಹೇಳುವ ತನಕ ಯಾರೂ ಈ ನೀರು ಮುಟ್ಟಬೇಡಿ" ಎಂದು ಅಪ್ಪಣೆ ಕೊಡಿಸಿದೆ. ಆ ಅಧಿಕಾರವನ್ನು ನನಗೆ ಯಾರೂ ಕೊಟ್ಟಿರಲಿಲ್ಲ!

ಬಾಟಲಿ ತುಂಬಿದೆ. ಮುಚ್ಚಳ ತಿರುಗಿಸಿದೆ. ಮೇಣ ಊಟವಾದ ಮೇಲೆ ನೋಡೋಣ ಎಂದುಕೊಂಡೆ. ಮಾಳವ್ವ ಬಡಿಸಿದ ರೊಟ್ಟಿ, ಶೇಂಗಾ ಚಟ್ನಿ ಹೊಟ್ಟೆಗೆ ಇಳಿದ ಮೇಲೆ ಕಟ್ಟೆಯ ಮೇಲೆ ಸಣ್ಣ ನಿದ್ದೆಯೂ ಆಯಿತು. ಎದ್ದಾಗ ಆರೂ ಮುಚ್ಚಳಗಳಿಗೆ ಕುಂಕುಮ ಹಚ್ಚಿದ್ದರು. ವಿಜ್ಞಾನಕ್ಕೆ ಎಂಥ ಗೌರವ ಎಂದು ಮನಸ್ಸು ತುಂಬಿ ಬಂದು, ಅದರ ಮೇಲೆಯೇ ಮೇಣ ಸುರಿದೆ.

ವಾರದ ನಂತರ ಸಾಹೇಬರು ಮುದ್ರೆ ಒಡೆದರು. ಹುಳಿತ ವಾಸನೆ ಕೋಣೆ ತುಂಬಿತು. ಬಾಟಲಿಯಿಂದ ಉಬ್ಬಿದ ಅಕ್ಕಿ, ಅರಿಶಿನ ಕೊಂಬು, ಅಡಿಕೆ, ಕೊಬ್ಬರಿ ಚೂರು ಒಂದೊಂದಾಗಿ ಹೊರಬಂದವು. ಅವರು ಕನ್ನಡಕ ತೆಗೆದು ಗಂಭೀರವಾಗಿ ಕೇಳಿದರು: "ಈ ನೀರಿಗೆ ಮದುವೆ ಆಗಿದೆಯೇನಯ್ಯಾ?"

ಕುಡಿಯಲು ಯೋಗ್ಯವೇ ಎಂದು ತಿಳಿಯಲು ಐಸೋಟೋಪೇ ಬೇಕಿರಲಿಲ್ಲ, ನಮ್ಮಲ್ಲೇ ಒಂದು ದಿನದ ಪರೀಕ್ಷೆ ಸಾಕಿತ್ತು ಎಂದೂ ಅವರೇ ಹೇಳಿದರು. ಮತ್ತೆ ಬಾಟಲಿ, ಮತ್ತೆ ಅನುಮತಿ ಎನ್ನುವಷ್ಟರಲ್ಲಿ ಒಂದು ತಿಂಗಳು ಹೋಯಿತು.

ಸಿಟ್ಟಿನಿಂದಲೇ ಹೋಗಿ ಮಾಳವ್ವನನ್ನು ಕೇಳಿದೆ.

"ಹೆಣ್ಣುಮಗಳು ದೂರದ ಮನಿಗೆ ಹೊಂಟಾಳ ಅಂದೋರು ನೀವಾ ಅಲ್ರಿ? ಅಕ್ಕಿ, ಅಡಿಕಿ ಹಾಕಿ ಉಡಿ ತುಂಬದ ಹೆಂಗ ಕಳಸೂದು?"

ಅಷ್ಟರಲ್ಲಿ ಅವಳ ಸೊಸೆ ತಲೆಯ ಮೇಲೆ ಕೊಡ ಹೊತ್ತು ಹಳೆಯ ಬಾವಿಯ ದಾರಿಯಿಂದ ಬಂದಳು. ತುಂಬಿದ ಬಸುರಿ. ಬೋರು ಮನೆ ಮುಂದೆಯೇ ಇದೆಯಲ್ಲ ಎಂದೆ.

"ನೀವು ಬರೂತನಕ ಮುಟ್ಟಬ್ಯಾಡ್ರಿ ಅಂದಿದ್ರಿ" ಎಂದಳು ಅವಳು, ಕೊಡ ಇಳಿಸುತ್ತ.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನನ್ನ ಒಂದು ಮಾತಿಗೆ ಇಡೀ ತಿಂಗಳು ನಡೆದಿದ್ದರು. ಬಾಟಲಿ ತುಂಬಿ, ನಿಂತಲ್ಲೇ ಬೆರಳು ಸುಟ್ಟುಕೊಂಡು ಮೇಣ ಹಾಕಿದೆ. ಮೂರನೇ ದಿನ ನೀರು ಚೆನ್ನಾಗಿದೆ ಎಂಬ ವರದಿ ಹಿಡಿದು ಓಡಿದೆ. ಸಹಿ, ಮೊಹರು ಎಲ್ಲ ಇತ್ತು. ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದೆ.

ಮಾಳವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬೋರಿನ ಕೈಪಂಪು ಹೊಡೆದು ಒಂದು ಚೊಂಬು ತುಂಬಿ ನನ್ನ ಕೈಗೆ ಕೊಟ್ಟಳು. "ಮೊದಲ ನೀವು ಕುಡೀರಿ."

ಗಟಗಟ ಕುಡಿದೆ. ಹೆಂಗಸರೆಲ್ಲ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಬಿಸಿಲು ಇಳಿಯುವವರೆಗೆ ಕಾದರು. ನನಗೇನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಸೊಸೆ ಬಂದು ಬೋರಿನ ಕೆಳಗೆ ಕೊಡ ಇಟ್ಟಳು.